ಆಕಾಶದಲ್ಲಿ ಏಳು, ನೆಲದಲ್ಲಿ ನಾಲ್ಕು

ಗುರುವಾರ, ಮಧ್ಯಾಹ್ನ

ಪರೀಕ್ಷಾ ಪೈಲಟ್ ಸಾಹೇಬರಿಗೆ, ಅಂದರೆ ನಮ್ಮ ಮನೆಯ ಯಜಮಾನರಿಗೆ,

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಮಗಳ ಮುಂದಿನ ಹಲ್ಲು ಬಿತ್ತು, ಅತ್ತೆಯವರ ಮಂಡಿನೋವು ಸ್ವಲ್ಪ ಇಳಿದಿದೆ. ಕ್ಷೇಮಸಮಾಚಾರ ಇಷ್ಟೇ, ಇನ್ನು ಉಳಿದದ್ದು ಜಗಳ. ನೀವು ಹೋಗಿರುವ ವಾಯುನೆಲೆಯಲ್ಲಿ ಫೋನು ಒಳಗೆ ಬಿಡುವುದಿಲ್ಲವಲ್ಲ, ಅದಕ್ಕೇ ಕಾಗದದಲ್ಲಿ ಆಡುತ್ತಿದ್ದೇನೆ. ನಾಳೆಯ ಸರಕು ವಿಮಾನದ ಟಪಾಲು ಚೀಲದಲ್ಲಿ ಇದು ನಿಮ್ಮ ಕೈಸೇರುತ್ತದೆ. ಕೂತುಕೊಂಡು ಓದಿ.

ಹೋದ ವಾರ ಮಂಗಳವಾರ ಹೊಸ ತರಬೇತಿ ವಿಮಾನವನ್ನು ಹಾರಿಸಿದಿರಿ. ನಾನು ಎಂದಿನಂತೆ ಕೆಳಗೆ ನಿಯಂತ್ರಣ ಕೋಣೆಯಲ್ಲಿ ಪರದೆಗಳ ಮುಂದೆ ಮೈಕು ಇಟ್ಟುಕೊಂಡು ಕೂತಿದ್ದೆ. ವೇಗ ಇಳಿಸುತ್ತಾ ಹೋಗಿ, ರೆಕ್ಕೆ ಇನ್ನು ಹೊರಲಾರೆ ಎಂದು ಕೈಬಿಟ್ಟಾಗ ಮೂಗು ತಾನಾಗಿ ಕೆಳಗೆ ಬಾಗುತ್ತದೆಯೇ ನೋಡುವುದು ಅವತ್ತಿನ ಕೆಲಸ. ಬಾಗಲಿಲ್ಲ. ನೀವು ನಿಯಂತ್ರಣದ ಕೋಲನ್ನು ಪೂರ್ತಿ ಮುಂದಕ್ಕೆ ಒತ್ತಿದರೂ ಮೂಗು ಮೇಲಕ್ಕೇ ನಿಂತಿತ್ತು, ವಿಮಾನ ಎಡಕ್ಕೆ ಹೊರಳಿ ಬೀಳತೊಡಗಿತು. ಹನ್ನೊಂದು ಸೆಕೆಂಡು, ಎರಡು ಸಾವಿರ ಅಡಿ. ಆಮೇಲೆ ಹಿಡಿತಕ್ಕೆ ಸಿಕ್ಕಿತು. ನೀವು ಏದುಸಿರಿನಲ್ಲೇ ರೇಡಿಯೊದಲ್ಲಿ ಏಳು ಎಂದಿರಿ. ತೊಡೆಗೆ ಕಟ್ಟಿಕೊಂಡ ಚೀಟಿಯಲ್ಲೂ ಏಳು ಎಂದೇ ಬರೆದಿರಿ.

ವಿಮಾನ ಎಷ್ಟು ಮಾತು ಕೇಳಿತು ಎಂಬುದಕ್ಕೆ ನೀವು ಕೊಡುವ ಅಂಕೆಯಲ್ಲಿ ಒಂದು ಎಂದರೆ ಸಲೀಸು, ಹತ್ತು ಎಂದರೆ ವಿಮಾನ ಕೈತಪ್ಪಿತು. ಏಳು ಬಿದ್ದರೆ ವಿಮಾನ ಕಟ್ಟಿದ ಕಾರ್ಖಾನೆಯವರು ಸರಿಪಡಿಸದೆ ವಿಮಾನ ಒಂದು ಹೆಜ್ಜೆ ಮುಂದೆ ಹೋಗುವ ಹಾಗಿಲ್ಲ. ನಾಲ್ಕಾದರೆ ಪುರಸೊತ್ತಾದಾಗ ನೋಡಿಕೊಂಡರೂ ನಡೆಯುತ್ತದೆ. ಅಂಕೆಯನ್ನು ಆಕಾಶದಲ್ಲೇ ಬರೆಯಬೇಕು, ಚಕ್ರ ನೆಲ ಮುಟ್ಟಿದ ಮೇಲೆ ತಿದ್ದಬಾರದು, ಏಕೆಂದರೆ ಇಳಿದು ಒಂದು ಲೋಟ ಚಹಾ ಕುಡಿದರೆ ಎಲ್ಲರಿಗೂ ಧೈರ್ಯ ಬಂದುಬಿಡುತ್ತದೆ. ಇದನ್ನೆಲ್ಲ ನಿಮಗೆ ನಾನು ಹೇಳಬೇಕೆ? ಹೊಸಬರಿಗೆ ಇದೇ ಪಾಠ ಮಾಡಿದವರು ನೀವು. ಆದರೂ ಬರೆದೆ, ಮರೆತವರ ಹಾಗೆ ಆಡಿದ್ದೀರಿ ಅಂತ.

ಮರುದಿನ ಬುಧವಾರದ ಸಭೆಯಲ್ಲಿ ನಿಮ್ಮ ವರದಿ ಓದಿದರೆ ಅಲ್ಲಿ ನಾಲ್ಕು! ದೊಡ್ಡ ಸಾಹೇಬರು ಕಾರಣ ಕೇಳಿದ್ದಕ್ಕೆ, ಗಾಳಿ ಸರಿ ಇರ್ಲಿಲ್ಲ ಸರ್, ನನ್ ಕೈಯೂ ಸ್ವಲ್ಪ ಬಿರುಸಾಯ್ತು ಅಂದಿರಿ. ಎರಡು ಸಾವಿರ ಗಂಟೆ ಹಾರಿದ ಕೈ ಬಿರುಸಾಯಿತಂತೆ! ಕಾರ್ಖಾನೆಯಿಂದ ಬಂದವರು ಹಬ್ಬ ಬಂದ ಹಾಗೆ ಖುಷಿಯಿಂದ ಬರೆದುಕೊಂಡರು. ಮಂಗಳವಾರ ನನ್ನ ಜೊತೆ ನಿಯಂತ್ರಣ ಕೋಣೆಯಲ್ಲಿ ಇನ್ನೂ ಮೂವರು ಏಳು ಎಂಬುದನ್ನು ಕೇಳಿಸಿಕೊಂಡಿದ್ದರು. ಅವರು ನನ್ನ ಮುಖ ನೋಡಿದರು, ಗಂಡ ಹೆಂಡತಿ ಮಾತಾಡಿಕೊಂಡಿರಬೇಕು ಎಂದುಕೊಂಡು ಸುಮ್ಮನಾದರು. ನಾನೂ ಬಾಯಿಬಿಡಲಿಲ್ಲ. ಮನೆಯಲ್ಲಿ ಕೇಳೋಣ ಎಂದುಕೊಂಡೆ. ಮನೆಗೆ ಬಂದರೆ ನೀವು ಪೆಟ್ಟಿಗೆಗೆ ಬಟ್ಟೆ ತುರುಕುತ್ತಿದ್ದಿರಿ. ಕೇಳಿದ್ದಕ್ಕೆ, ಬಿಡು, ಅದು ಮುಗಿದ ವಿಷಯ ಅಂದಿರಿ. ನಾನು ಎರಡು ಮಾತು ಹೆಚ್ಚೇ ಆಡಿದೆ. ಕಾರ್ಖಾನೆಯವರಿಗೆ ಹೆದರಿದಿರಿ ಅಂತಲೂ ಅಂದೆ. ಆ ಒಂದು ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಉಳಿದವು ಹಾಗೇ ಇರಲಿ.

ಸೋಮವಾರ ಹ್ಯಾಂಗರಿಗೆ ಹೋಗಿದ್ದೆ. ನಿಮ್ಮ ಏಳನ್ನು ಸಾಬೀತು ಮಾಡಿಯೇ ತೀರುತ್ತೇನೆ ಎಂದು ಹಟ ಹಿಡಿದು, ಅವತ್ತಿನ ತೂಕದ ಪಟ್ಟಿ ಕೊಡಿ ಎಂದು ತಕ್ಕಡಿ ಮಾಮನನ್ನು ಕೇಳಿದೆ. ಪರೀಕ್ಷೆಗೆ ಮುಂಚೆ ವಿಮಾನದ ಮೂಗಿಗೂ ಬಾಲಕ್ಕೂ ತೂಕಕ್ಕೆಂದು ಸೀಸದ ಫಲಕ ತುಂಬುವ ಆ ಮನುಷ್ಯ ಯಾವತ್ತೂ ನನ್ನೆದುರು ತಡವರಿಸಿದವರಲ್ಲ. ಅವತ್ತು ಕೈ ಒರೆಸಿಕೊಂಡರು, ಕನ್ನಡಕ ಹುಡುಕಿದರು, ಬೀರುವಿನ ಬೀಗದ ಕೈ ಸಿಗುತ್ತಿಲ್ಲ ಅಂದರು. ಕೊನೆಗೆ, ಸಾಹೇಬ್ರು ಯಾರಿಗೂ ಹೇಳ್ಬೇಡಿ ಅಂದಿದ್ರು ಮೇಡಂ, ಅದ್ರಲ್ಲೂ ನಿಮ್ಗೆ ಹೇಳ್ಲೇಬೇಡಿ ಅಂದಿದ್ರು ಎಂದು ಪಟ್ಟಿ ಮುಂದಿಟ್ಟರು. ಬಾಲದ ಪೆಟ್ಟಿಗೆಯಲ್ಲಿ ನಾಲ್ಕು ಫಲಕ ಇರಬೇಕಿತ್ತು. ಪಟ್ಟಿಯಲ್ಲಿ ಹತ್ತು ಎಂದಿತ್ತು. ಬಾಲ ಅಷ್ಟು ಭಾರವಾದರೆ ಮೂಗು ಎಲ್ಲಿಂದ ಬಾಗಬೇಕು? ಹಿಂದಿನ ವಾರದ ಬೇರೆ ಪರೀಕ್ಷೆಯ ಲೆಕ್ಕ ಹಾಗೇ ಇಳಿದುಬಿಟ್ಟಿತ್ತು. ಕೆಳಗೆ ಸಹಿ ನನ್ನದು. ಅಲ್ಲೇ ಒಂದು ಡಬ್ಬದ ಮೇಲೆ ಕೂತೆ.

ಇಳಿದ ಕೂಡಲೇ ನೀವೇ ಬಾಲದ ಪೆಟ್ಟಿಗೆ ತೆಗೆಸಿ ಎಣಿಸಿದಿರಂತೆ. ಆಮೇಲೆ ಚೀಟಿಯನ್ನು ಜೇಬಿಗೆ ಹಾಕಿಕೊಂಡು ಹೋದಿರಂತೆ. ಏಳು ಎಂದರೆ ವಿಚಾರಣೆ, ವಿಚಾರಣೆ ಎಂದರೆ ತೂಕದ ಪಟ್ಟಿ, ಪಟ್ಟಿ ಎಂದರೆ ಹೆಂಡತಿ. ಇಷ್ಟು ಯೋಚಿಸಿ ನಾಲ್ಕು ಬರೆದಿರಿ.

ನನ್ನನ್ನು ಕಾಪಾಡಿ ಅಂತ ನಿಮಗೆ ಯಾರು ಹೇಳಿದ್ದು? ನನ್ನ ತಪ್ಪನ್ನು ನುಂಗಿ ನೀರು ಕುಡಿಯುವುದಕ್ಕೆ ನಿಮಗೆ ಯಾವ ಅಧಿಕಾರ? ಅತ್ತೆಯವರಿಗೆ ಹೇಳಿದೆ. ಅವ್ನು ಚಿಕ್ಕೋನಿದ್ದಾಗ್ಲೂ ಹಾಗೇ ಕಣಮ್ಮ, ತಂಗಿ ಗಾಜು ಒಡೆದ್ರೆ ನಾನೇ ಒಡೆದೆ ಅಂತ ಏಟು ತಿಂತಿದ್ದ ಅಂದರು. ನಾನು ನಿಮ್ಮ ತಂಗಿಯಲ್ಲ. ಹೆಂಡತಿ, ಮೇಲಾಗಿ ಇಂಜಿನಿಯರು. ಒಡೆದದ್ದು ಕಿಟಕಿ ಗಾಜೂ ಅಲ್ಲ. ಅವತ್ತು ನಿಮಗೇನಾದರೂ ಆಗಿದ್ದರೆ ಅದು ನನ್ನ ಕೈಯಿಂದಲೇ ಆಗುತ್ತಿತ್ತು. ಇದನ್ನು ತಿಳಿದುಕೊಳ್ಳುವ ಹಕ್ಕನ್ನೂ ನನ್ನಿಂದ ಕಿತ್ತುಕೊಂಡಿರಲ್ಲ, ನೆನೆದರೆ ಮೈ ಉರಿಯುತ್ತದೆ.

ತಪ್ಪು ತೂಕದಲ್ಲಿ ಬಂದ ಅಂಕೆ ಲೆಕ್ಕಕ್ಕಿಲ್ಲ ಎಂದು ನೀವು ಸಮಾಧಾನ ಮಾಡಿಕೊಂಡಿರಬಹುದು. ಮೂರು ದಿನ ಕೂತು ಲೆಕ್ಕ ಹಾಕಿದ್ದೇನೆ. ಹಿಂದಿನ ಸೀಟಿನಲ್ಲಿ ದಪ್ಪಗಿರುವ ಶಿಕ್ಷಕರೊಬ್ಬರು, ಅವರ ಬೆನ್ನಹಿಂದೆ ಇಬ್ಬರ ಸಾಮಾನು. ಅಷ್ಟಾದರೆ ಬಾಲದ ಕಡೆಗೆ ನನ್ನ ಹತ್ತು ಫಲಕದಷ್ಟೇ ಭಾರ ಬೀಳುತ್ತದೆ. ಅದು ಕೈಪಿಡಿಯಲ್ಲಿ ಅನುಮತಿ ಇರುವ ತೂಕವೇ. ಅಷ್ಟು ಬಾಲಭಾರವನ್ನು ನಾವು ವೇಗ ಇಳಿಸುವ ಪರೀಕ್ಷೆಗೆ ಇಟ್ಟುಕೊಂಡಿರಲೇ ಇಲ್ಲ, ನನ್ನ ತಪ್ಪಿನಿಂದ ಹೋಗಿ ಮುಟ್ಟಿದೆವು. ಬರುವ ತಿಂಗಳು ಹಾರಲು ಕಲಿಯುವ ಮೊದಲ ತಂಡದ ಹನ್ನೆರಡು ಮಕ್ಕಳು ಇದನ್ನು ಹಾರಿಸುತ್ತಾರೆ. ದೂರದ ನಿಲ್ದಾಣಕ್ಕೆ ಸಾಮಾನು ತುಂಬಿಕೊಂಡು ಹೋಗುತ್ತಾರೆ, ಇಳಿಯುವಾಗ ವೇಗ ತಗ್ಗಿಸುತ್ತಾರೆ. ನಿಮಗೆ ಕೆಳಗೆ ಎರಡು ಸಾವಿರ ಅಡಿಗಿಂತ ಹೆಚ್ಚು ಜಾಗವಿತ್ತು, ಅವರಿಗೆ ಮುನ್ನೂರು ಇರುತ್ತದೆ. ಹೆಂಡತಿಯ ಮಾನ ಉಳಿಸಲು ಅವರನ್ನು ಹತ್ತಿಸುತ್ತೀರಾ? ಆ ಮಾನ ನನಗೆ ಬೇಡ.

ಆದ್ದರಿಂದ ಇವತ್ತು ಬೆಳಿಗ್ಗೆ ದೊಡ್ಡ ಸಾಹೇಬರಿಗೆ ನನ್ನ ತಪ್ಪನ್ನು ಬರೆದುಕೊಟ್ಟೆ. ತೂಕದ ಪಟ್ಟಿಯನ್ನೂ ಲೆಕ್ಕವನ್ನೂ ಲಗತ್ತಿಸಿದ್ದೇನೆ. ನಿಮ್ಮ ಹೆಸರು ಎತ್ತಿಲ್ಲ. ಹಾಗೆಂದು ನಾನು ನಿಮ್ಮನ್ನು ಕಾಪಾಡುತ್ತಿದ್ದೇನೆ ಎಂದುಕೊಳ್ಳಬೇಡಿ. ಏಳು ನಿಮ್ಮದು, ನೀವೇ ಬರೆಯಬೇಕು. ಚೀಟಿ ಇನ್ನೂ ನಿಮ್ಮ ಜೇಬಿನಲ್ಲೇ ಇದೆ ಎಂದು ನನಗೆ ಗೊತ್ತು. ಹರಿದುಹಾಕುವ ಜಾಯಮಾನ ನಿಮ್ಮದಲ್ಲ. ಶನಿವಾರ ವಾಪಸಾಗುವ ವಿಮಾನದಲ್ಲಿ ಆ ಚೀಟಿ, ಜೊತೆಗೆ ನಿಮ್ಮ ಎರಡು ಸಾಲು ಬರಲಿ. ಬರದಿದ್ದರೆ ನೀವೂ ಬರುವ ಅವಸರವಿಲ್ಲ.

ಸಿಟ್ಟಿನಲ್ಲಿರುವ,
ನಿಮ್ಮ ಮನೆಯವಳು

ಮರೆತಿದ್ದೆ: ರೇಡಿಯೊ ಧ್ವನಿಮುದ್ರಣವನ್ನೂ ಕೊಟ್ಟುಬಂದಿದ್ದೇನೆ. ಬರುವ ಸೋಮವಾರ ಹದಿನೈದು ಜನರ ಮುಂದೆ ಹಾಕುತ್ತಾರಂತೆ. ನಿಮ್ಮ ಏಳೂ ಅದರಲ್ಲಿದೆ, ಅದಕ್ಕೇ ಚೀಟಿ ಶನಿವಾರವೇ ಬರಲಿ ಎಂದದ್ದು. ಆ ಹನ್ನೊಂದು ಸೆಕೆಂಡಿನಲ್ಲಿ ನಾನು ವಿಮಾನದ ನಂಬರು ಹೇಳಿ, ಪರೀಕ್ಷೆ ನಿಲ್ಲಿಸಿ ಎನ್ನಬೇಕಿತ್ತು. ಅದರ ಬದಲು, ಹನ್ನೊಂದು ವರ್ಷ ರೀ ಎಂದೇ ಕರೆದವಳು, ಲೋ, ಬಾರೋ, ಬಿಟ್ಟು ಹೋಗ್ಬೇಡ ಕಣೋ ಎಂದು ಕಿರುಚಿದ್ದೇನೆ. ನಿಮಗೂ ಕೇಳಿಸಿದೆ. ಇಂದಿನವರೆಗೆ ನೀವು ಚಕಾರ ಎತ್ತಿಲ್ಲ, ನಾನೂ ಎತ್ತಿಲ್ಲ. ಕೇಳುವವರು ಕೇಳಲಿ. ನನ್ನನ್ನು ಆ ಕುರ್ಚಿಯಿಂದ ತೆಗೆದಿದ್ದಾರೆ. ಇನ್ನು ಮೈಕಿನ ಮುಂದೆ ಬೇರೆಯವರು ಕೂರುತ್ತಾರೆ. ಅಚ್ಚುಕಟ್ಟು ಮನುಷ್ಯ, ನಂಬರು ಬಿಟ್ಟು ಬೇರೇನೂ ಅನ್ನುವವರಲ್ಲ. ಅವರು ನಿಮ್ಮನ್ನು ಲೋ ಅಂತ ಕೂಗುವುದಿಲ್ಲ. ನೀವೇ ಹುಷಾರಾಗಿ ಹಾರಿ.