ನಾಲ್ಕು ಮುಂಗಾರಿನ ಸೂಜಿ

ರಾಣೆಬೆನ್ನೂರು,
ಆಗಸ್ಟ್ ೩೪, ೨೨೧೮

ಪೂಜ್ಯ ಶಶಿಕಲವ್ವನವರಿಗೆ, ನಿಮ್ಮಿಂದ ಎಂಟನೆಯ ತಲೆಮಾರಿನ ಹಾಲೇಶ ಬಣಕಾರ ಮಾಡುವ ನಮಸ್ಕಾರಗಳು.

ತಾರೀಖು ತಪ್ಪಿಲ್ಲ. ಮಳೆ ಹಿಂದೆ ಸರಿದು ಸರಿದು ಬಿತ್ತನೆಯ ಲೆಕ್ಕ ಕೆಟ್ಟಾಗ ನಮ್ಮ ಹಿರಿಯರು ಫೆಬ್ರವರಿಯಿಂದ ನಾಲ್ಕು ದಿನ ಕಿತ್ತು ಆಗಸ್ಟಿಗೆ ಹೊಲಿದರು. ನನ್ನ ಕೆಲವು ಮಾತುಗಳೂ ನಿಮಗೆ ಹೀಗೆಯೇ ಹೊಲಿದಂತೆ ಕಂಡಾವು, ಕ್ಷಮೆ ಇರಲಿ. ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆ ಎಂದರೆ ಕಳೆದ ಕಾಲಕ್ಕೆ ಹೋಗುವ ಟಪಾಲು. ಒಬ್ಬೊಬ್ಬರಿಗೆ ಬದುಕಿನಲ್ಲಿ ಒಂದೇ ಕಾಗದ, ಅದಕ್ಕೆ ಉತ್ತರ ಬರುವುದಿಲ್ಲ. ಜನ ಇದನ್ನು ಸತ್ತ ತಾಯಿಗೆ ಎರಡು ಮಾತು ಬರೆಯಲಿಕ್ಕೋ, ಮುತ್ತಜ್ಜ ಬಂಗಾರ ಎಲ್ಲಿ ಹೂತಿಟ್ಟ ಎಂದು ಕೇಳಲಿಕ್ಕೋ ಬಳಸುತ್ತಾರೆ. ನಾನು ನನ್ನ ಪಾಲಿನದನ್ನು ಮೂಗಿಗಾಗಿ ಖರ್ಚು ಮಾಡುತ್ತಿದ್ದೇನೆ.

ನಮ್ಮ ಮನೆಯಲ್ಲಿ ನಿಮಗೆ ಸೀನುವ ಶಶಿಕಲವ್ವ ಎಂದೇ ಹೆಸರು. ಶಾಲೆಯಲ್ಲಿ ಪದ್ಯ ಓದಿಸುವಾಗ ಸಾಲಿಗೊಂದು ಸೀನುತ್ತಿದ್ದಿರಂತೆ. ಮೂರರಿಂದ ಐದು ವರ್ಷ ಸೂಜಿ ಹಾಕಿಸಿಕೊಂಡರೆ ಧೂಳು, ಹೂಪುಡಿ ಮೈಗೆ ಒಗ್ಗಿಯಾವು ಎಂದು ಡಾಕ್ಟರು ಹೇಳಿದಾಗ, ಯೋಚನೆ ಮಾಡಿ ಹೇಳುತ್ತೇನೆ ಎಂದು ಎದ್ದು ಬಂದಿರಂತೆ. ಅಲ್ಲಿಂದ ಮುಂದೆ ಕತೆ ಎರಡಾಗುತ್ತದೆ. ನಮ್ಮ ದೊಡ್ಡಪ್ಪನ ಕಡೆಯವರು ನೀವು ಪೂರ್ತಿ ಹಾಕಿಸಿಕೊಂಡಿರಿ ಎನ್ನುತ್ತಾರೆ. ನಮ್ಮ ಕಡೆಯವರು, ಎಂಟು ತಿಂಗಳಿಗೆ ಆರಾಮೆನಿಸಿ ಬಿಟ್ಟುಬಿಟ್ಟಿರಿ ಎನ್ನುತ್ತಾರೆ. ಯಾವುದು ನಿಜವೆಂದು ನನಗೆ ತಿಳಿಯದು. ಈ ಕಾಗದ ನಿಮ್ಮ ಕೈ ಸೇರುವ ಹೊತ್ತಿಗೆ ನಿಮಗೂ ತಿಳಿದಿರಲಿಕ್ಕಿಲ್ಲ. ಇದರಲ್ಲಿ ನನಗೆ ಕಮಿಷನ್ ಏನೂ ಇಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಸೂಜಿ ನಿಮ್ಮ ಮೈಗೆ ಕಲಿಸಿದ್ದು ನಿಮ್ಮ ಮಕ್ಕಳ ರಕ್ತಕ್ಕೆ ಇಳಿಯುವುದಿಲ್ಲ. ನೀವು ಹಾಕಿಸಿಕೊಂಡರೂ ಬಿಟ್ಟರೂ ನನ್ನ ಮೂಗು ಇದೇ ಮೂಗು. ಲಾಭವಿಲ್ಲದ ದಲ್ಲಾಳಿಯ ಮಾತನ್ನು ನಂಬಬಹುದು.

ಈಗ ನಮ್ಮ ಊರಿನ ವಿಷಯ. ಜೇನು ನಮ್ಮಲ್ಲಿ ಅಪರೂಪ. ಇಲ್ಲಿಯ ಸೂರ್ಯಕಾಂತಿ ಬೀಜ ಏಳು ರಾಜ್ಯಕ್ಕೆ ಹೋಗುತ್ತದೆ, ಆದರೆ ಪ್ರತಿಯೊಂದು ಹೂವಿಗೂ ಮನುಷ್ಯರ ಕೈಯೇ ತಾಗಬೇಕು. ಇಬ್ಬರು ಎದುರುಬದುರು ನಿಂತು, ಆಚೆ ಸಾಲಿನ ಹೂವನ್ನೂ ಈಚೆ ಸಾಲಿನ ಹೂವನ್ನೂ ಬಾಗಿಸಿ, ಮುಖಕ್ಕೆ ಮುಖ ತಾಗಿಸಿ ಮೆತ್ತಗೆ ಉಜ್ಜುತ್ತಾರೆ. ಇದಕ್ಕೆ ಮುಖಾಮುಖಿ ಎನ್ನುತ್ತೇವೆ. ಬಿಸಿಲು ಏರುವ ಮೊದಲೇ ಮುಗಿಯಬೇಕಾದ ಕೆಲಸ. ಇಡೀ ಊರು ಅರಿಸಿನ ಎರಚಿದಂತೆ ಆಗುತ್ತದೆ. ಹೆಂಗಸರ ರೆಪ್ಪೆ, ಗಂಡಸರ ಮೀಸೆ, ಎತ್ತಿನ ಕೊಂಬು ಎಲ್ಲವೂ ಹಳದಿ. ಜೋಡಿ ಎಂದರೆ ಸಾಮಾನ್ಯವಾಗಿ ಗಂಡ ಹೆಂಡತಿ. ಮೂಗು ತಾಳದವರು ಗಾಜಿನ ಓಣಿಯಲ್ಲಿ ಕೂರಬೇಕು. ಅದು ಹೊಲದ ಅಂಚಿಗೆ ಉದ್ದಕ್ಕೂ ಕಟ್ಟಿದ, ಸೋಸಿದ ಗಾಳಿಯ ಪಡಸಾಲೆ. ಒಳಗೆ ಚಹಾ, ಮಂಡಕ್ಕಿ, ಮಿರ್ಚಿ ಎಲ್ಲ ಸಿಗುತ್ತದೆ. ಹೊರಗಿನದೆಲ್ಲ ಕಾಣುತ್ತದೆ, ಒಂದು ಮಾತೂ ಕೇಳುವುದಿಲ್ಲ. ಇದಕ್ಕಿಂತ ಕೆಟ್ಟ ಜಾಗವನ್ನು ಮನುಷ್ಯ ಕಟ್ಟಿಲ್ಲ.

ಮೂಗುಬೀಗ ಎಂಬ ಗುಳಿಗೆ ಇದೆ. ಅದನ್ನು ನುಂಗಿದರೆ ಸೀನು ನಿಲ್ಲುತ್ತದೆ, ಜೊತೆಗೆ ನಾನೂ ನಿಂತಲ್ಲೇ ತೂಕಡಿಸುತ್ತೇನೆ. ತಲೆಗೆ ಗಾಳಿ ಸೋಸುವ ದುಂಡನೆಯ ಗಾಳಿಬುಟ್ಟಿ ಹಾಕಿಕೊಂಡು ಒಮ್ಮೆ ಸಾಲಿಗಿಳಿದು ನೋಡಿದೆ. ಬುಟ್ಟಿಯ ಅಂಚು ತಾಗಿ ಹೂಪುಡಿಯೆಲ್ಲ ಉದುರಿತು. ನನ್ನ ಹೆಂಡತಿ ಗಂಗಮಾಳವ್ವ ಎದುರು ನಿಂತವಳು, "ನೀವು ಹೂವಿಗೆ ಬಂದೀರೋ, ಚಂದ್ರನ ಮ್ಯಾಲೆ ಇಳದೀರೋ?" ಎಂದಳು. ಸಾಲಿಗೆ ಸಾಲೇ ನಕ್ಕಿತು. ಅಂದೇ ಗಾಜಿನ ಓಣಿಗೆ ವಾಪಸಾದೆ.

ಉಳಿದದ್ದು ಒಗ್ಗುಮದ್ದು, ಅಂದರೆ ನಿಮ್ಮ ಅದೇ ಸೂಜಿ. ಇನ್ನೂರು ವರ್ಷದಲ್ಲಿ ಏನೇನೋ ಬದಲಾದರೂ ಇದು ಬದಲಾಗಿಲ್ಲ. ಯಾವುದು ಮೈಗೆ ಆಗದೋ ಅದನ್ನೇ ಚೂರುಚೂರಾಗಿ ಮೈಗೆ ಪರಿಚಯ ಮಾಡಿಸುವುದು. ಮೊದಲು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ, ಒಟ್ಟು ನಾಲ್ಕು ಮುಂಗಾರು. ಪ್ರತಿ ಸಲವೂ ಮೈ ಏರುಪೇರಾದೀತೆಂದು ಅರ್ಧ ಗಂಟೆ ದವಾಖಾನೆಯಲ್ಲೇ ಕೂರಿಸುತ್ತಾರೆ. ನಾನು ಹಮಾಲಿಯಿಂದ ಮೇಲೆ ಬಂದವನು. ಗಂಟಲೊಂದನ್ನೇ ಬಂಡವಾಳ ಮಾಡಿಕೊಂಡು ಇಂದು ಬೀಜದ ಸವಾಲು, ಅಂದರೆ ಹರಾಜು, ಕೂಗುವುದರಲ್ಲಿ ಈ ಸೀಮೆಗೇ ಮೊದಲಿಗ. ಸವಾಲು ಬಿಟ್ಟು ವಾರವಾರ ಹೋಗಿ ತೋಳು ಒಡ್ಡಿ ಕೂರುವುದು ನನ್ನ ಲೆಕ್ಕಕ್ಕೆ ಬರಲಿಲ್ಲ. ಮನೆಯನ್ನಾಗಲಿ ಮೂಗನ್ನಾಗಲಿ ಕಟ್ಟುವುದಕ್ಕಿಂತ ಬಾಡಿಗೆಗೆ ಹಿಡಿಯುವುದೇ ಮೇಲು ಅಂದುಕೊಂಡೆ. ಸಾಲಿನಲ್ಲಿ ಜೋಡಿಯ ಬದಲಿಗೆ ನಿಲ್ಲುವವರನ್ನು ಬದಲಿ ಎನ್ನುತ್ತೇವೆ. ಮೊದಲು ಮಾಳವ್ವನ ಅಕ್ಕ ಬದಲಿ ನಿಲ್ಲುತ್ತಿದ್ದಳು. ಮೊಣಕಾಲು ಕೈಕೊಡತೊಡಗಿದ ಮೇಲೆ, ಇನ್ನು ನಾಲ್ಕು ಹಂಗಾಮಷ್ಟೇ ಎಂದಳು. ನನ್ನ ಅಂಗಡಿಯಲ್ಲಿ ತೂಕ ಮಾಡುತ್ತಿದ್ದ ಗುಡ್ಡಪ್ಪ ಅಸುಂಡಿ ಹೆಂಡತಿಯನ್ನು ಕಳೆದುಕೊಂಡವನು, ನನ್ನ ಹಾಗೇ ಸೀನುವವನು, ಕೈತುಂಬ ಪುರುಸೊತ್ತಿದ್ದವನು. ಮಾತಿನಲ್ಲಿ ಅವನನ್ನು ಹೊಸೆದು ಹಗ್ಗ ಮಾಡಿ ದವಾಖಾನೆಗೆ ಕಟ್ಟಿದೆ. ನಾಲ್ಕು ಮುಂಗಾರು ಅವನು ತೋಳು ಒಡ್ಡಿದ, ಆಮೇಲೆ ನನ್ನ ಬದಲಿಯಾಗಿ ಮಾಳವ್ವನ ಎದುರು ಸಾಲಿಗಿಳಿದ. ಸವಾಲು ಹಾಕದೇ ಮಾಲು ಸಿಕ್ಕಿತೆಂದು ನಾನು ಹಿಗ್ಗಿದೆ.

ಆ ಹಿಗ್ಗು ಎಷ್ಟು ದಿನದ್ದು ಎಂದು ಕೇಳಬೇಡಿ. ನಮ್ಮಲ್ಲಿ ಬೀಜಕ್ಕೆ ಅದನ್ನು ಕಟ್ಟಿಸಿದ ಜೋಡಿಯ ಹೆಸರೇ ಇಡುವುದು ವಾಡಿಕೆ. ದೀಪಾವಳಿ ಕಳೆದ ಮೇಲೆ ಸವಾಲಿನ ಕಟ್ಟೆ ಹತ್ತಿ, ನೂರಾರು ಜನರ ಎದುರು, ನನ್ನ ಈ ಬಾಯಿಂದಲೇ, "ಮಾಳವ್ವ-ಗುಡ್ಡಪ್ಪ! ಮಾಳವ್ವ-ಗುಡ್ಡಪ್ಪ! ಯಾರದು ಮುಂದ?" ಎಂದು ನಾಲ್ಕು ಹಂಗಾಮಿನಿಂದ ಕೂಗುತ್ತಿದ್ದೇನೆ. ಬೀಜವೂ ದರಿದ್ರದ್ದು, ಒಳ್ಳೆಯ ಬೀಜ. ಕಾಳು ತುಂಬಿಕೊಂಡು ಬರುತ್ತದೆ, ಮೇಲಿನ ದರಕ್ಕೇ ಹೋಗುತ್ತದೆ. ಕೆಟ್ಟದ್ದಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಬ್ಯಾಡಗಿಯ ಖರೀದಿದಾರನೊಬ್ಬ ಕಳೆದ ವರ್ಷ, "ಹಾಲೇಶಪ್ಪ, ಈ ಗಂಡ ಹೆಂಡತಿ ಕೈಗುಣ ಭಾಳ ಚಲೋ ಐತಿ ನೋಡ್ರಿ" ಎಂದ. ಮಾರಾಟ ಕೆಡಬಾರದೆಂದು ಹೌದೆಂದೆ. ಅದರ ಉರಿ ಇನ್ನೂ ಎದೆಯಲ್ಲಿದೆ.

ಇನ್ನೊಂದು ವಾಡಿಕೆ ಇದಕ್ಕಿಂತ ಬಿಗಿ. ಹತ್ತು ಹಂಗಾಮು ಪೂರ್ತಿ ನಿಂತವನು ಬದಲಿಯಲ್ಲ, ಜೋಡಿ. ಆ ಸಾಲು, ಆ ಹೆಸರು ಖಾಯಂ. ಈ ಸಲದ್ದೂ ಸೇರಿ ಐದು ಈಗಾಗಲೇ ಮುಗಿದಿವೆ. ಒಗ್ಗುಮದ್ದಿನ ಮೊದಲ ಸೂಜಿಯನ್ನು ಹೂ ಇಳಿದ ವಾರದಲ್ಲಿ ಮಾತ್ರ ಹಾಕುತ್ತಾರೆ, ಅದು ಈ ವಾರ. ಈಗ ಶುರುಮಾಡಿದರೆ ಹತ್ತನೆಯ ಹಂಗಾಮಿಗೆ ನಾನೇ ನಿಲ್ಲಬಹುದು. ಮುಂದಿನ ವರ್ಷ ನೋಡೋಣ ಎಂದರೆ ಮುಗಿಯಿತು. ಆದರೂ ತಕ್ಕಡಿ ಹಿಡಿದೇ ಕೂತಿದ್ದೆ. ನನಗೆ ಐವತ್ಮೂರು. ಎಲ್ಲರ ಮೈಗೂ ಇದು ನಾಟುವುದಿಲ್ಲ ಎಂದು ಡಾಕ್ಟರಮ್ಮ ಬಾಯಿಬಿಟ್ಟೇ ಹೇಳಿದ್ದಾರೆ. ತೋಳು ಊದುತ್ತದೆ, ನಾಲ್ಕು ವರ್ಷ ಊರು ಬಿಟ್ಟು ಎಲ್ಲೂ ಹೋಗುವಂತಿಲ್ಲ. ಇಷ್ಟೆಲ್ಲ ಒಂದು ತಟ್ಟೆಗೆ ಹಾಕಿ, ಇನ್ನೊಂದಕ್ಕೆ ನನ್ನ ಸೀನುಗಳನ್ನು ಹಾಕಿದರೆ, ಸೀನು ಮೇಲೆ ಹೋಗಿಬಿಡುತ್ತಿತ್ತು. ಸೀನಿಗೆ ತೂಕವೆಷ್ಟು, ನೀವೇ ಹೇಳಿ.

ಕಡೆಗೆ ಸೋಮವಾರ ಗುಡ್ಡಪ್ಪನನ್ನೇ ಕೇಳಿದೆ. ಗಾಜಿನ ಓಣಿಯ ಬಾಗಿಲಲ್ಲಿ ಮೈಮೇಲಿನ ಹೂಪುಡಿ ತೊಳೆದುಕೊಂಡು ಒಳಗೆ ಬಂದಿದ್ದ. ಅಷ್ಟು ವರ್ಷ ಚುಚ್ಚಿಸಿಕೊಂಡಿಯಲ್ಲ, ಏನು ಸಿಕ್ಕಿತಪ್ಪ ನಿನಗೆ, ಎಂದೆ. ಸೀನು ನಿಂತಿತು ಎನ್ನುತ್ತಾನೆ, ನಾನು ನನ್ನ ತಕ್ಕಡಿಗೆ ವಾಪಸು ಹೋಗುತ್ತೇನೆ ಅಂದುಕೊಂಡಿದ್ದೆ. ಅವನು ಸೊಟ್ಟ ಮನುಷ್ಯನಲ್ಲ, ಅದೇ ತೊಂದರೆ. ತಲೆ ಒರೆಸಿಕೊಳ್ಳುತ್ತ, "ಸೀನು ಹೋಗ್ಲಿ ಬಿಡ್ರಿ ಧಣಿ, ವಾಸನಿ ಬಂತು. ಮಳಿ ಬರೂದು ಮೊದ್ಲೇ ಗೊತ್ತಾಗತೈತಿ. ರೊಟ್ಟಿ ಹತ್ತಿದ್ದು ಗೊತ್ತಾಗತೈತಿ. ಮಾಳವ್ವಕ್ಕಾರು ತಲಿಗೆ ಹಚ್ಚೋ ಎಣ್ಯಾಗ ಮರುಗ ಹಾಕಿ ಕಾಯಿಸ್ತಾರಲ್ರೀ, ಅದರ ಘಮ ಭಾಳ ಚಂದ" ಎಂದ. ನನ್ನ ಕೈಯ ಮಂಡಕ್ಕಿ ಕೈಯಲ್ಲೇ ಉಳಿಯಿತು.

ಶಶಿಕಲವ್ವ, ಮದುವೆಯಾಗಿ ಇಪ್ಪತ್ತೆಂಟು ವರ್ಷ. ಅವಳು ಎಣ್ಣೆ ಹಚ್ಚುವುದನ್ನು ದಿನಾ ನೋಡಿದ್ದೇನೆ. ಅದಕ್ಕೊಂದು ಘಮವಿದೆ ಎಂದು ನನಗೆ ಇನ್ನೊಬ್ಬ ಗಂಡಸು ಹೇಳಬೇಕಾಯಿತು, ಅದೂ ನಾನೇ ಒಪ್ಪಿಸಿ ಚುಚ್ಚಿಸಿದ ಗಂಡಸು! ಮನೆಗೆ ಬಂದವನೇ, ತಲೆಗೆ ಏನು ಹಚ್ಚುತ್ತೀ ಎಂದು ಕೇಳಿದೆ. ಮಾಳವ್ವ ರೊಟ್ಟಿ ಬಡಿಯುತ್ತಿದ್ದವಳು ತಿರುಗಿಯೂ ನೋಡಲಿಲ್ಲ. "ಲಗ್ನಾದಾಗಿಂದ ಒಂದ ಎಣ್ಣಿ. ಇವತ್ತ ಯಾಕ ಬಂತು ಈ ಮಾತು?" ಎಂದಳು. ಬಗ್ಗಿ ಅವಳ ನೆತ್ತಿ ಮೂಸಿದೆ. ಗೋಡೆಯನ್ನು ಮೂಸಿದ ಹಾಗಾಯಿತು. ಮೇಲಿಂದ ಮೇಲೆ ಮೂರು ಸೀನು ಬಂದವು. "ಹಿಟ್ಟಿನ ಮ್ಯಾಲೆ ಸೀನಬ್ಯಾಡ್ರಿ, ಅತ್ಲಾಗ ಸರೀರಿ" ಎಂದು ಮೊಣಕೈಯಿಂದ ತಳ್ಳಿದಳು. ಅವಳಿಗೆ ಸಿಟ್ಟೇನೂ ಇರಲಿಲ್ಲ. ಇಪ್ಪತ್ತೆಂಟು ವರ್ಷದ ರೂಢಿ, ಅಷ್ಟೆ.

ಇವತ್ತು ಬೆಳಿಗ್ಗೆ ಮೊದಲ ಸೂಜಿ ಹಾಕಿಸಿಕೊಂಡೆ. ಆ ಅರ್ಧ ಗಂಟೆ ಕೂರುವ ಬೆಂಚಿನಿಂದಲೇ ಇದನ್ನು ಬರೆಯುತ್ತಿದ್ದೇನೆ. ತೋಳು ಕೆಂಪಗೆ ಎದ್ದಿದೆ, ತುರಿಸುತ್ತಿದೆ. ಮದ್ದು ನನ್ನ ಮೈಗೆ ಹತ್ತುತ್ತದೋ ಇಲ್ಲವೋ ಯಾರೂ ಹೇಳಲಾರರು. ಹತ್ತದಿದ್ದರೆ ನಾಲ್ಕು ವರ್ಷ ನೀರಲ್ಲಿ ಹೋಮ. ಮನೆಯಲ್ಲಿ ಇನ್ನೂ ಹೇಳಿಲ್ಲ. ಹೇಳಿದರೆ ಗುಡ್ಡಪ್ಪ ಹುರುಪಿನಿಂದ ನನ್ನನ್ನು ವಾರವಾರ ಕರೆದುಕೊಂಡು ಬರುತ್ತಾನೆ. ಆ ಉಪಕಾರವನ್ನು ನಾನು ತಾಳಲಾರೆ.

ನಿಮ್ಮಲ್ಲಿ ಎರಡು ವಿನಂತಿ. ಹಾಕಿಸಿಕೊಳ್ಳುವುದಾದರೆ ಕೊನೆಯತನಕ ಹಾಕಿಸಿಕೊಳ್ಳಿ, ಇಲ್ಲವಾದರೆ ಇಂದೇ ಬೇಡವೆನ್ನಿ. ಎಂಟು ತಿಂಗಳಿಗೆ ಆರಾಮೆನಿಸಿತೆಂದು ಎದ್ದು ಬರಬೇಡಿ. ಇನ್ನೊಂದು, ಮೂಗು ತೆರೆದ ದಿನ ನಿಮಗೆ ಮೊದಲು ಯಾರ ಘಮ ತಿಳಿಯುತ್ತದೋ, ಆ ದಿನವೇ ಹೋಗಿ ಅವರಿಗೆ ಹೇಳಿ. ಇನ್ನೊಬ್ಬರು ಹೇಳುವ ಮೊದಲು ಹೇಳಿ.

ದವಾಖಾನೆಯವರು ಹೆಸರು ಕರೆಯುತ್ತಿದ್ದಾರೆ. ತೋಳು ತೋರಿಸಿ ಬರುತ್ತೇನೆ.

ನಿಮ್ಮ ಮೂಗಿನ ವಾರಸುದಾರ,
ಹಾಲೇಶ