ಬಿಸಿ ಏರುವ ಮೊದಲು

14 ಮಾರ್ಚ್, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಾವಿಬ್ಬರೂ ಚೆನ್ನಾಗಿದ್ದೇವೆ. ನೀನು, ಭಾವ, ಮಕ್ಕಳು ಹೇಗಿದ್ದೀರಿ? ಉತ್ತರ ತಡವಾಯಿತು, ಬಯ್ಯಬೇಡ. ನಿನ್ನ ಪತ್ರದ ಕೊನೆಯಲ್ಲಿ ತಪ್ಪದೆ ಇರುವ "ವಿಶೇಷ ಏನಾದರೂ ಇದೆಯಾ?" ಎಂಬ ಪ್ರಶ್ನೆಗೆ ಏನು ಬರೆಯುವುದೆಂದು ತಿಳಿಯದೆ ಪೆನ್ನು ಕೆಳಗಿಡುತ್ತಿದ್ದೆ. ವಿಶೇಷ ಇನ್ನೂ ಇಲ್ಲ. ಆದರೆ ಒಂದು ವಿಷಯ ತಿಳಿದು ಬೆರಗಾಗಿ ಕೂತಿದ್ದೇನೆ, ನಿನಗಲ್ಲದೆ ಇನ್ಯಾರಿಗೆ ಹೇಳಲಿ.

ಇವರನ್ನು ನೀನು ಬಲ್ಲೆಯಲ್ಲ. ಲಾಂಡ್ರಿಯಲ್ಲಿ ನಾನು ಇಸ್ತ್ರಿ ಕಡೆ, ಇವರು ಬಾಯ್ಲರ್ ಕಡೆ. ಮೀಟರಿನ ಮುಳ್ಳು ಮೇಲೇರುವ ತನಕ ಉಗಿ ಬಿಡುವವರಲ್ಲ, ಮೇಸ್ತ್ರಿ ಬಾಯಿ ಬಡಿದುಕೊಂಡರೂ ಅಷ್ಟೇ. ಮಗು ಬೇಕೆಂದಾಗ ಯಾರೋ ಥರ್ಮಾಮೀಟರಿನ ಉಪಾಯ ಹೇಳಿದರು. ಮೊಟ್ಟೆ ಬಿಡುಗಡೆಯಾದರೆ ಹೆಂಗಸಿನ ಮೈಬಿಸಿ ಚೂರು ಏರುತ್ತದಂತೆ. ಇವರಿಗೆ ಅಷ್ಟು ಸಾಕಾಯಿತು. ದಿನಾ ಬೆಳಿಗ್ಗೆ ನಾನು ಕಣ್ಣು ಬಿಡುವ ಮೊದಲೇ ಥರ್ಮಾಮೀಟರು ನನ್ನ ಬಾಯಲ್ಲಿ. ಏರಿದ ದಿನ ಬಾಯ್ಲರಿಗೆ ತೋರಿಸುವ ಶ್ರದ್ಧೆಯನ್ನೇ ನನಗೂ ತೋರಿಸುತ್ತಿದ್ದರು, ನಗಬೇಡ. ಉಳಿದ ದಿನ ಶಕ್ತಿ ಉಳಿಸಿಕೊಳ್ಳಬೇಕೆಂದು ಹೇಳಿ ಅತ್ತ ತಿರುಗಿ ಮಲಗುತ್ತಿದ್ದರು. ಎರಡು ವರ್ಷ ಹೀಗೇ ನಡೆಯಿತು.

ಕಳೆದ ತಿಂಗಳು ಡಾಕ್ಟರಮ್ಮನ ಹತ್ತಿರ ಹೋದೆವು. ಪರೀಕ್ಷೆಯಲ್ಲಿ ಇಬ್ಬರಲ್ಲೂ ದೋಷ ಕಾಣಲಿಲ್ಲ. ಇವರು ತಮ್ಮ ಪದ್ಧತಿಯನ್ನು ಹೆಮ್ಮೆಯಿಂದ ವಿವರಿಸಿದರು. ಆಕೆ ನಗು ತಡೆದುಕೊಂಡು, "ಬಿಸಿ ಏರಿತು ಅಂದ್ರೆ ಮೊಟ್ಟೆ ಆಗ್ಲೇ ಬಂದಾಯ್ತು ಅಂತ. ನೀವು ಪ್ರತಿ ಸಲ ಬಸ್ ಹೋದ್ಮೇಲೆ ಓಡ್ತಿದ್ದೀರಿ," ಎಂದರು. ಮೊಟ್ಟೆಯ ಆಯಸ್ಸು ಹೆಚ್ಚೆಂದರೆ ಒಂದು ದಿನವಂತೆ. ಗಂಡಸಿನ ವೀರ್ಯಾಣುಗಳು ಮಾತ್ರ ಒಳಗೆ ಮೂರು ದಿನ, ಐದು ದಿನವೂ ಜೀವ ಹಿಡಿದುಕೊಂಡು ಕಾಯುತ್ತವಂತೆ. ಅದಕ್ಕೇ ಬಿಸಿ ಏರುವ ಮೊದಲು, ಬಿಳಿ ಹೋಗುವುದು ತೆಳ್ಳಗೆ ಜಾರುವಂತಾದಾಗ, ದಿನ ಬಿಟ್ಟು ದಿನವಾದರೂ ಸೇರಬೇಕಂತೆ.

ಅಕ್ಕಾ, ನನಗೆ ಮೈ ಜುಮ್ಮೆಂದಿತು. ನಾನು ಷೀಟು ಮಡಿಸುತ್ತಾ, ಯಾರೊಂದಿಗೋ ಜಗಳವಾಡುತ್ತಾ ಇರುವಾಗ ನನ್ನೊಳಗೆ ಇಷ್ಟೆಲ್ಲ ನಡೆಯುತ್ತಿರುತ್ತದೆ, ನನಗೆ ಸುಳಿವೇ ಇಲ್ಲ. ಇನ್ನೂ ಬಾರದ ಒಂದಕ್ಕಾಗಿ ಅಷ್ಟು ದಿನ ಕತ್ತಲಲ್ಲಿ ಕಾಯುವುದೆಂದರೆ ಏನು! ಈ ಮೈಗೆ ಎರಡು ವರ್ಷ ಹಿಡಿಶಾಪ ಹಾಕಿದ್ದೆ. ಈಗ ಸ್ನಾನ ಮಾಡುವಾಗ ಹೊಟ್ಟೆಯ ಮೇಲೆ ಕೈಯಿಟ್ಟು ಸುಮ್ಮನೆ ನಿಲ್ಲುತ್ತೇನೆ. ಆವತ್ತು ವಾಪಸು ಬಂದು ಮನೆ ಬಾಗಿಲು ತೆಗೆಯುವಾಗ ಇವರು, "ಐದು ದಿನ ಕಾಯ್ತಾವಂತೆ ಕಣೇ," ಎಂದರು, ತಾವೇ ಕಾದು ಬಂದವರ ಹಾಗೆ.

ಈ ತಿಂಗಳು ಡಾಕ್ಟರಮ್ಮ ಹೇಳಿದಂತೆಯೇ ನಡೆದುಕೊಂಡಿದ್ದೇವೆ. ಏನಾಗುತ್ತದೋ ಗೊತ್ತಿಲ್ಲ. ಮಕ್ಕಳಿಗೆ ಚಿಕ್ಕಮ್ಮನ ಮುತ್ತು, ನೂರು ವರ್ಷ ಬಾಳಲಿ. ನೀನು ನಮ್ಮಿಬ್ಬರನ್ನು ಒಂದು ಮಾತು ಹರಸು.

ನಿನ್ನ
ಪುಟ್ಟಿ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಮಗುವಿನ ಚಿಂತೆಗಿಂತ ಹೆಚ್ಚಾಗಿ ನನ್ನನ್ನು ತಿನ್ನುತ್ತಿದ್ದುದು ಬೇರೆ. ಆ ಎರಡು ವರ್ಷದಲ್ಲಿ ಬಿಸಿ ಏರಿದ ದಿನ ಬಿಟ್ಟು ಬೇರೊಂದು ದಿನವೂ ಇವರು ನನ್ನನ್ನು ಮುಟ್ಟಿರಲಿಲ್ಲ. ಮಗುವಿನ ಆಸೆ ಬಿಟ್ಟ ದಿನ ನನ್ನನ್ನೂ ಬಿಟ್ಟುಬಿಡುತ್ತಾರೆ ಎಂದುಕೊಂಡಿದ್ದೆ. ಈ ಸಲ ಬಿಸಿ ಏರಿ ನಾಲ್ಕು ದಿನವಾಯಿತು. ಇವತ್ತು ಬೆಳಿಗ್ಗೆ ಇವರು ಹತ್ತಿರ ಸರಿದು ಭುಜದ ಮೇಲೆ ಕೈಯಿಟ್ಟರು. "ಈಗ ಬಂದು ಏನೂ ಪ್ರಯೋಜನ ಇಲ್ಲ, ಈ ತಿಂಗಳದ್ದು ಮುಗೀತು," ಎಂದೆ. "ಗೊತ್ತು," ಎಂದರು. ಕೈ ತೆಗೆಯಲಿಲ್ಲ.