ವಿಠಲನಿಗೆ ಹಾಡಿದ ಚೀನೀ ಹಾಡು

ಫಿಂಟಾಸ್, ಕುವೈತ್
ಶನಿವಾರ, 8-11-1997

ಹಾರ್ಮೋನಿಯಂ ಮಾವನಿಗೆ ನಮಸ್ಕಾರ.

ಇರುವುದು ಒಂದೇ ಹಾಳೆ, ನಿನ್ನೆಯದೆಲ್ಲ ಇದರಲ್ಲೇ ಒತ್ತಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡಿ. ನಮ್ಮ ಸೈಟಿನ ವೆಲ್ಡರ್ ಲಿಯು ಚೀನಾದವನು. ಅವನು ದಿನವೂ ಗುನುಗುವ ರಾಗ ಬಹಳ ಹಿಡಿಸಿ, ಅದಕ್ಕೆ ವಿಠಲನ ಮೇಲೆ ನಾಲ್ಕು ಸಾಲು ಕಟ್ಟಿದ್ದೆ. ನಿನ್ನೆ ಶುಕ್ರವಾರದ ಭಜನೆಗೆ ಅವನನ್ನೂ ಕರೆದುಕೊಂಡು ಹೋಗಿ ಹಾಡಿದೆ. ಎರಡನೇ ಸಾಲಿಗೇ ಲಿಯು ಎದ್ದು ನಿಂತ. ಕಾಲು ನೆಲಕ್ಕೆ ಬಡಿಯುತ್ತ, ಅಳುತ್ತ, ತನ್ನ ಭಾಷೆಯಲ್ಲೇ ಕಿರುಚಿ ಹಾಡತೊಡಗಿದ. ಮೈಯೆಲ್ಲ ಗಡಗಡ!

"ದರ್ಶನ ಬಂತು ಮಾರಾಯ್ರೆ, ಮೈಮೇಲೆ ದೇವರು!" ಎಂದು ಭಜನೆ ನಡೆಯುವ ಮನೆಯ ಯಜಮಾನ ಕಾಂತಪ್ಪಣ್ಣ ಕೈಮುಗಿದರು. ಅವರ ಹೆಂಡತಿ ಚಂಪಕ್ಕ ಓಡಿ ಬಂದು ಅವನ ಹಣೆಗೆ ಕುಂಕುಮ ಹಚ್ಚಿ, "ಸ್ವಾಮೀ, ನಾವೆಲ್ಲ ಊರಿಗೆ ಮುಟ್ಟುವುದು ಯಾವಾಗ?" ಎಂದು ಕೇಳಿಯೇಬಿಟ್ಟರು.

ಅವನಿಗೆ ಏನು ತಿಳಿಯಬೇಕು? ನೀರು ಕುಡಿದು ಕೂತ ಮೇಲೆ ಹರಕು ಇಂಗ್ಲಿಷಿನಲ್ಲಿ ಹೇಳಿದ. ಅದು ರಾಕ್ ಹಾಡಂತೆ. ಯಾವುದರಲ್ಲೂ ನಂಬಿಕೆ ಉಳಿಯದ ಅಲ್ಲಿನ ಹುಡುಗರೆಲ್ಲ ಅದನ್ನೇ ಹಾಡುತ್ತಿದ್ದರಂತೆ. ಎಂಟು ವರ್ಷದ ಹಿಂದೆ ಅವನ ತಮ್ಮ ಅದನ್ನು ಹಾಡುತ್ತಲೇ ಸರ್ಕಾರದ ವಿರುದ್ಧ ವಿದ್ಯಾರ್ಥಿಗಳು ಹೊರಟ ಮೆರವಣಿಗೆಗೆ ಹೋದನಂತೆ. "ಬ್ರದರ್ ಹೋಮ್ ನೋ ಕಮ್. ಖಲಾಸ್," ಎಂದ. ಅಂಥದ್ದಕ್ಕೆ ನಾನು ತಾಳ ತಟ್ಟಿಸಿದೆನಲ್ಲ ಮಾವ!

ಆರೋಗ್ಯ ಚೆನ್ನಾಗಿದೆ, ಕೆಮ್ಮು ಹೋಗಿದೆ. ಅಮ್ಮನಿಗೆ ಅಷ್ಟು ಮಾತ್ರ ಓದಿ ಹೇಳಿ.

ಇಂದು ಬೆಳಿಗ್ಗೆ ಲಿಯು ಹಣೆಯ ಕುಂಕುಮವನ್ನೂ ಒರೆಸದೆ ಕೆಲಸಕ್ಕೆ ಬಂದ. ಕೇಳಿದ್ದು ಒಂದೇ: "ನೆಕ್ಸ್ಟ್ ಫ್ರೈಡೇ, ಅಗೇನ್?"

ಜಾಗ ಮುಗಿಯಿತು.
ಅಳಿಯ ದೇಜಪ್ಪ